ಇಂಜಿನ್ನಿಗೆ ತೋಳು ಕೂರಿಸುವ ಮೊನೀಬಾ

ಬೆಳಗಿನ ನಮಾಜು ಮುಗಿಸಿದ ಮೊನೀಬಾ ಹೆಂಡ್ರಿಕ್ಸ್ ಅಡುಗೆಮನೆಯ ಕಡೆ ತಲೆ ಹಾಕುವುದಿಲ್ಲ. ತಲೆಗೆ ಸುತ್ತಿದ ಬಟ್ಟೆಯನ್ನು ಇನ್ನೊಮ್ಮೆ ಬಿಗಿದು, ಹಿತ್ತಲ ಬಾಗಿಲು ತೆಗೆದು, ನೇರ ಅಣ್ಣನ ಗ್ಯಾರೇಜಿಗೆ ಇಳಿಯುತ್ತಾರೆ. ಹೊರಗೆ ಆಗ್ನೇಯದ ಗಾಳಿ ಹ್ಯಾನೋವರ್ ಪಾರ್ಕ್ ಬಡಾವಣೆಯ ತಗಡುಗಳನ್ನೆಲ್ಲ ಪಟಪಟ ಬಡಿಯುತ್ತಿದೆ. ಒಳಗೆ ಒಂದು ಹಳೆಯ ಕೊರ್ಟಿನಾ ಕಾರು ಬಾನೆಟ್ಟು ಕಳಚಿಕೊಂಡು ನಿಂತಿದೆ. ಮೊನೀಬಾ ಪುಟ್ಟ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ ಅದರ ಹೊಟ್ಟೆಯೊಳಗೆ ಬಗ್ಗುತ್ತಾರೆ.

ನಿನ್ನೆ ಸಂಜೆ ಬಿಗಿದಿಟ್ಟಿದ್ದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಇಂಜಿನ್ನಿನ ಮೇಲಿಂದ ಗಾಳಿ-ಪೆಟ್ರೋಲು ಹಂಚುವ ಅಲ್ಯೂಮಿನಿಯಮ್ಮಿನ ಮ್ಯಾನಿಫೋಲ್ಡನ್ನು ಎತ್ತುತ್ತಾರೆ. ಅದರ ಅಡಿಯಲ್ಲಿ ಸಂದು ಮುಚ್ಚುವ ಗ್ಯಾಸ್ಕೆಟ್ ಇರಬೇಕಾದ ಜಾಗದಲ್ಲಿ ಎರಡೂ ಕಡೆ ಒಂದೊಂದು ರಟ್ಟಿನ ತುಂಡು. ಕಾರ್ನ್‌ಫ್ಲೇಕ್ಸ್ ಡಬ್ಬಿಯದು! ರಟ್ಟಿನ ಎರಡೂ ಮೈಗೆ ದರ್ಜಿಗಳು ಬಟ್ಟೆಯ ಮೇಲೆ ಗುರುತು ಇಳಿಸಲು ಬಳಸುವ ಕಾರ್ಬನ್ ಕಾಗದ ಅಂಟಿಸಿದ್ದಾರೆ. ಒಂದು ಮೈಯಲ್ಲಿ ಮ್ಯಾನಿಫೋಲ್ಡಿನ ಬಾಯಿಗಳ ಅಚ್ಚು, ಇನ್ನೊಂದು ಮೈಯಲ್ಲಿ ಹೆಡ್ಡಿನ, ಅಂದರೆ ಸಿಲಿಂಡರುಗಳ ಮುಚ್ಚಳದ, ಬಾಯಿಗಳ ಅಚ್ಚು. ಹಲ್ಲುಗಳಿರುವ ಪುಟ್ಟ ಗಾಲಿಯನ್ನು ಒಂದು ಗೆರೆಯ ಮೇಲೆ ಉರುಳಿಸಿದರೆ ಚುಕ್ಕಿಗಳು ರಟ್ಟನ್ನು ತೂರಿ ಹಿಂದಿನ ಮೈಯಲ್ಲಿ ಮೂಡುತ್ತವೆ. ಗೆರೆಯ ಮೇಲೇ ಚುಕ್ಕಿ ಬಿದ್ದರೆ ಎರಡು ಬಾಯಿ ಕೂಡಿವೆ ಎಂದು ಅರ್ಥ.

ಮುಂದಿನ ಬಾಯಿಗಳು ಕೂಡಿವೆ, ನಡುವಿನವೂ ಕೂಡಿವೆ. ಹಿಂದಿನ ಎರಡು ಮಾತ್ರ ಕೂಡಿಲ್ಲ. ಚುಕ್ಕಿಗಳು ಗೆರೆಯನ್ನು ಬಿಟ್ಟು ಅಕ್ಕಿಕಾಳಿನ ದಪ್ಪದಷ್ಟು ಮೇಲೆ ಸಾಲಾಗಿ ನಿಂತಿವೆ.

"ಯಾ ಅಲ್ಲಾ," ಎನ್ನುತ್ತಾರೆ ಮೊನೀಬಾ, ಟಾರ್ಚು ಕಚ್ಚಿಕೊಂಡೇ.

ಹೊರಗೆ ಪಿಕಪ್ಪೊಂದು ಬಂದು ನಿಲ್ಲುವ ಸದ್ದು. ಕಾರಿನ ಒಡೆಯ ಗಸಾಂತ್ ಬಂದಿದ್ದಾನೆ. ಇವತ್ತು ಮಧ್ಯಾಹ್ನ ಕಾಲು ಮೈಲಿನ ನೇರ ಓಟದಲ್ಲಿ ಈ ಕೊರ್ಟಿನಾ ಓಡಬೇಕು. ಓಡದಿದ್ದರೆ ಏನಾಗುತ್ತದೆ ಎಂದು ಅವನು ಹೋದ ವಾರವೇ ಮುಖಕ್ಕೆ ಹೊಡೆದ ಹಾಗೆ ಹೇಳಿಹೋಗಿದ್ದ. ಹೋದ ಓಟದಂತೆ ಇಂಜಿನ್ ಇನ್ನೊಂದು ಸಲ ಕೆಮ್ಮಿದರೆ ಇಳಿಸಿ ಬೇರೆ ಗ್ಯಾರೇಜಿಗೆ ಕೊಡುತ್ತಾನೆ. ಅವನು ಬಿಟ್ಟರೆ ಇಡೀ ಓಟದ ಬಳಗ ಬಿಡುತ್ತದೆ. ಆಮೇಲೆ ಮೊನೀಬಾ ಕೈಗೆ ಮ್ಯಾನಿಫೋಲ್ಡು ಕೊಡುವವರು ಯಾರೂ ಇರುವುದಿಲ್ಲ.

ಅಷ್ಟು ಸಿಟ್ಟಿದ್ದರೂ ಅವನ ಕೈಯಲ್ಲಿ ಒಂದು ಬಟ್ಟಲು ತುಂಬ ಕೂಸಿಸ್ಟರ್ ಇದೆ. ಸಕ್ಕರೆ ಪಾಕದಲ್ಲಿ ಅದ್ದಿ ಕೊಬ್ಬರಿ ಉದುರಿಸಿದವು, ಇನ್ನೂ ಬಿಸಿ ಆರಿಲ್ಲ.

"ಭಾನುವಾರ ಬೆಳಿಗ್ಗೆ ಬರಿಗೈಲಿ ಯಾರ ಮನೆಗೂ ಹೋಗ್ಬಾರ್ದಂತೆ, ಅಮ್ಮ ಕೊಟ್ಟಳು," ಎನ್ನುತ್ತಾನೆ, ಕೊಟ್ಟದ್ದು ತನ್ನ ತಪ್ಪಲ್ಲ ಎನ್ನುವಂತೆ.

ಪಿಕಪ್ಪಿನ ಹಿಂದೆ ಕಂಬಳಿ ಸುತ್ತಿದ ದೊಡ್ಡ ಗಂಟೊಂದಿದೆ. ಮೊನೀಬಾ ಅದನ್ನು ನೋಡುತ್ತಾರೆ. ಇಂಜಿನ್ ಇಳಿಸುವ ಸರಪಳಿಯನ್ನು ಈಗಲೇ ತಂದುಬಿಟ್ಟಿದ್ದಾನೆ ಎಂದುಕೊಳ್ಳುತ್ತಾರೆ.

ಈ ಕೈಗೆ ಇಂಜಿನ್ ಸಿಕ್ಕಿದ್ದೇ ಒಂದು ಆಕಸ್ಮಿಕ. ಮೊನೀಬಾ ಮೊದಲು ಸಾಲ್ಟ್ ರಿವರಿನ ಬಟ್ಟೆ ಕಾರ್ಖಾನೆಯಲ್ಲಿ ನಮೂನೆ ಕತ್ತರಿಸುತ್ತಿದ್ದವರು. ಕುಪ್ಪಸ, ಕೋಟು, ಶಾಲೆಯ ಸಮವಸ್ತ್ರ, ಯಾವುದೇ ಆಗಲಿ ಮೊದಲು ಅವರ ಕತ್ತರಿಯಿಂದ ರಟ್ಟಿನ ಅಳತೆ ಆಗಬೇಕು, ಆಮೇಲೆ ಅದರ ಮೇಲೆ ಸಾವಿರ ಬಟ್ಟೆ. ಹೊರಗಿನ ಅಗ್ಗದ ಬಟ್ಟೆ ಬಂದು ಕಾರ್ಖಾನೆ ಮುಚ್ಚಿತು. ಅವರು ಮನೆಯಲ್ಲಿ ಪರದೆ, ದಿಂಬಿನ ಚೀಲ ಹೊಲಿಯುತ್ತ ಕೂತರು. ಹಿತ್ತಲಲ್ಲಿ ಅಣ್ಣ ತೊಯೆರ್ ಇಂಜಿನ್ ಬಿಚ್ಚಿ ಕಟ್ಟುವ ಗ್ಯಾರೇಜು ನಡೆಸುತ್ತಿದ್ದರು. ಒಂದು ದಿನ ಚಹಾ ಕೊಡಲು ಹೋದ ಮೊನೀಬಾ ಅಣ್ಣ ಗ್ಯಾಸ್ಕೆಟ್ ಕತ್ತರಿಸುವುದನ್ನು ಕಂಡರು.

"ಇಲಿ ಕಚ್ಚಿದ ಹಾಗಿತ್ತು! ನೋಡಕ್ಕಾಗ್ಲಿಲ್ಲ. ಕೊಡು ಬೂಯಾ ಇಲ್ಲಿ ಅಂತ ಕಿತ್ಕೊಂಡೆ," ಎಂದು ನಗುತ್ತಾರೆ ಅವರು. ಬೂಯಾ ಎಂದರೆ ಇಲ್ಲಿ ಅಣ್ಣ.

"ಕಿತ್ಕೊಂಡೋಳು ವಾಪಸ್ ಕೊಡಲೇ ಇಲ್ಲ," ಎಂದು ತೊಯೆರ್ ದೂರುತ್ತಾರೆ. "ನನ್ನ ಕತ್ತರಿ, ನನ್ನ ಕುರ್ಚಿ, ಈಗ ನನ್ನ ರೇಡಿಯೋನೂ ಇವಳದೇ."

ಗ್ಯಾಸ್ಕೆಟ್ಟಿನಿಂದ ಕೈ ಮ್ಯಾನಿಫೋಲ್ಡಿಗೆ ಹೋಯಿತು. ಈ ಇಂಜಿನ್ನಿನ ಸಿಲಿಂಡರುಗಳು ವಿ ಆಕಾರದಲ್ಲಿ ಎರಡು ಸಾಲಾಗಿವೆ. ಎರಡು ಸಾಲಿಗೆ ಎರಡು ಹೆಡ್ಡು, ನಡುವಿನ ಕಣಿವೆಯಲ್ಲಿ ಮ್ಯಾನಿಫೋಲ್ಡು. ಕಾರ್ಬೊರೇಟರಿನಿಂದ ಬರುವ ಗಾಳಿಯನ್ನೂ ಪೆಟ್ರೋಲನ್ನೂ ಅದು ಈ ಕಡೆ ಮೂರು, ಆ ಕಡೆ ಮೂರು ಬಾಯಿಗೆ ಹಂಚಬೇಕು. ಅದರ ಬಾಯಿಗೂ ಹೆಡ್ಡಿನ ಬಾಯಿಗೂ ಅಂಚು ಕೂಡದಿದ್ದರೆ ನಡುವೆ ಹೊಸ್ತಿಲೇಳುತ್ತದೆ, ಓಡಿಬರುವ ಗಾಳಿ ಎಡವುತ್ತದೆ. ಮ್ಯಾನಿಫೋಲ್ಡು ಸರಿಯಾಗಿ ಕೂರದೆ ಸಂದು ಬಿಟ್ಟರಂತೂ ಇಂಜಿನ್ ಅಲ್ಲಿಂದ ಕಳ್ಳಗಾಳಿ ಎಳೆದುಕೊಂಡು ಕೆಮ್ಮುತ್ತದೆ. ಮೊನೀಬಾ ಅಂಚುಗಳನ್ನು ತೇಯ್ದು, ಅರದಿಂದ ಉಜ್ಜಿ, ಕೊನೆಗೆ ಕಿರುಬೆರಳು ಒಳಗೆ ಹಾಕಿ ಸವರಿ ನೋಡುತ್ತಾರೆ.

"ಕುಪ್ಪಸಕ್ಕೆ ತೋಳು ಕೂರಿಸೋದು ಬೇರೆ ಅಲ್ಲ, ಇದು ಬೇರೆ ಅಲ್ಲ," ಎನ್ನುವುದು ಅವರ ಮಾತು. "ಕಂಕುಳಲ್ಲಿ ನೆರಿಗೆ ಬಿತ್ತು ಅಂದ್ರೆ ಹಾಕ್ಕೊಂಡೋಳು ಕೈ ಎತ್ತಕ್ಕಾಗಲ್ಲ. ಇಲ್ಲೂ ಅಷ್ಟೇ."

ವಾರಕ್ಕೆ ಎರಡು ಮೂರು ಮ್ಯಾನಿಫೋಲ್ಡುಗಳು ಅವರ ಮಡಿಲಿಗೆ ಬರುತ್ತವೆ. ಓಟದ ದಿನ ಹತ್ತಿರ ಬಂದರೆ ಇನ್ನೂ ಹೆಚ್ಚು. ಪ್ರತಿ ಕಾರಿನ ಬಾನೆಟ್ಟಿನ ಮೇಲೂ ತೊಯೆರ್ ಗ್ಯಾರೇಜಿನ ಹೆಸರಿರುತ್ತದೆ, ಮೊನೀಬಾ ಹೆಸರು ಎಲ್ಲೂ ಇಲ್ಲ. ಕಾರ್ಖಾನೆಯಲ್ಲೂ ಕುಪ್ಪಸದ ಚೀಟಿಯ ಮೇಲೆ ಅಂಗಡಿಯ ಹೆಸರೇ ಇರುತ್ತಿತ್ತಲ್ಲ ಎಂದು ಅವರು ಕೈಬೀಸಿ ತಳ್ಳಿಹಾಕುತ್ತಾರೆ.

ಹೋದ ತಿಂಗಳ ಓಟದಲ್ಲಿ ಮಾತ್ರ ಅವರ ಹೆಸರು ಇಡೀ ಮೈದಾನಕ್ಕೆ ಕೇಳಿಸಿತು. ಹಸಿರು ದೀಪ ಬಿತ್ತು, ಗಸಾಂತ್ ಕಾಲೊತ್ತಿದ. ಕೊರ್ಟಿನಾ ಎರಡು ಸಲ ಕೆಮ್ಮಿ, ಒಂದು ಪಟಾಕಿ ಹೊಡೆದು, ಅಲ್ಲೇ ಮುಗ್ಗರಿಸಿತು. "ಮೊನೀಬಾ ಟೀಟಿ, ಹೊಲಿಗೆ ಬಿಚ್ಚೋಯ್ತು!" ಎಂದು ಬೇಲಿಯ ಮೇಲೆ ಕೂತ ಹುಡುಗರು ಕೂಗಿದರು. ಟೀಟಿ ಎಂದರೆ ಅಕ್ಕ. ತೊಯೆರ್ ಮುಂದೆ ಬಂದು, ಬೋಲ್ಟು ಸರಿಯಾಗಿ ಬಿಗಿದಿರಲಿಲ್ಲ, ತಪ್ಪು ನನ್ನದು ಎಂದುಬಿಟ್ಟರು. ಅದು ಸುಳ್ಳು. ತಂಗಿಯನ್ನು ಉಳಿಸಲು ಹೇಳಿದ್ದು.

ತಪ್ಪಾದದ್ದು ರಟ್ಟಿನಲ್ಲಿ. ಓಟಕ್ಕೆ ಮುಂಚೆ ಹೆಡ್ಡುಗಳು ಬಿಸಿಗೆ ಸೊಟ್ಟಗಾಗಿದ್ದವು, ತೊಯೆರ್ ಫೇಸಿಂಗ್ ಮಾಡಿಸಿ ತಳವನ್ನು ಸಮ ಮಾಡಿಸಿದ್ದರು. ತಳ ತೆಳುವಾದರೆ ಹೆಡ್ಡು ಕೆಳಗಿಳಿಯುತ್ತದೆ, ಕಣಿವೆ ಕಿರಿದಾಗುತ್ತದೆ, ಮ್ಯಾನಿಫೋಲ್ಡು ಮೇಲಕ್ಕೇಳುತ್ತದೆ. ತೊಯೆರ್ ಇದನ್ನು ಹೇಳಿಯೂ ಇದ್ದರು. ಆದರೆ ಮೊನೀಬಾ ಬಳಿ ಈ ಜಾತಿಯ ಇಂಜಿನ್ನಿಗೆಂದೇ ಮೊಳೆಗೆ ತೂಗುಹಾಕಿದ ಹಳೆಯ ರಟ್ಟಿನ ನಮೂನೆ ಇತ್ತು. ಅದನ್ನೇ ಇಟ್ಟು ಗೆರೆ ಎಳೆದರು. ಒಂದು ನಮೂನೆಗೆ ಸಾವಿರ ಕುಪ್ಪಸ ಎಂದು ಕಾರ್ಖಾನೆ ಕಲಿಸಿದ ಬುದ್ಧಿ.

"ಒಗೆದು ಮುದುರಿರೋ ಬಟ್ಟೆ ಮೇಲೆ ಹೊಸ ಬಟ್ಟೆಯ ಅಳತೆ ಇಟ್ಟೆ ನಾನು," ಎಂದು ಅವರು ಮರುದಿನವೇ ಗಸಾಂತನನ್ನು ಕರೆಸಿ ಹೇಳಿದರು. "ಬೂಯಾಂದು ತಪ್ಪಿಲ್ಲ. ಬೈಯೋದಿದ್ರೆ ನನ್ನ ಬೈಯಿ."

ಅವನು ಬೈದ. ಬೈದು, ಇನ್ನೊಂದು ಅವಕಾಶ ಕೊಟ್ಟ. ಮ್ಯಾನಿಫೋಲ್ಡಿನ ಎರಡೂ ಮೈಯನ್ನು ಹೊಸ ಅಳತೆಗೆ ಕಡಿಸಿ ತರಲಾಯಿತು. ಈಗದು ಮೊದಲಿನಂತೆ ಕೆಳಗೆ ಕೂರಬೇಕು. ಆದರೂ ಹಿಂದಿನ ಬಾಯಿಗಳು ಮೇಲಕ್ಕೆ ನಿಂತಿವೆ, ಓಟಕ್ಕೆ ಇನ್ನು ಅರ್ಧ ದಿನ ಮಾತ್ರ.

"ಅಷ್ಟೇ ತಾನೇ? ಅರ ತಗೊಂಡು ಎರಡು ಎಳೆ ಎಳಿ, ಆಗೋಯ್ತು," ಎನ್ನುತ್ತಾರೆ ಅಷ್ಟರಲ್ಲಿ ಒಳಗೆ ಬಂದ ತೊಯೆರ್.

ಮೊನೀಬಾ ಅರ ಎತ್ತಿಕೊಳ್ಳುತ್ತಾರೆ. ಬಾಯಿಯ ಅಂಚಿಗೆ ಇಡುತ್ತಾರೆ. ಗಸಾಂತ್ ಕಾಲು ಕುಣಿಸುತ್ತ ನಿಂತಿದ್ದಾನೆ. ಮೊನೀಬಾ ಅರ ಎಳೆಯುವುದಿಲ್ಲ. ರಟ್ಟುಗಳೆರಡನ್ನೂ ಮತ್ತೆ ಬೆಳಕಿಗೆ ಹಿಡಿಯುತ್ತಾರೆ, ಅರವನ್ನು ಕೆಳಗಿಡುತ್ತಾರೆ.

"ಏನಾಯ್ತು ಟೀಟಿ?"

"ಒಂದೇ ಕಡೆ ತಪ್ಪಿದ್ರೆ ಕಡಿದದ್ದು ತಪ್ಪು. ಇದು ಎಡಕ್ಕೂ ಬಲಕ್ಕೂ ಒಂದೇ ಸಮ ಎದ್ದಿದೆ. ಬಾಯಿ ಸರಿಯಾಗೇ ಇದೆ ಕಣಪ್ಪ, ಕೂತಿರೋದು ಸರಿಯಿಲ್ಲ. ಹಿಂದೆ ಏನೋ ಎತ್ತಿ ಹಿಡಿದಿದೆ."

ಟಾರ್ಚು ಮತ್ತೆ ಹಲ್ಲಿಗೆ ಹೋಗುತ್ತದೆ. ಕಣಿವೆಯ ಮುಂದಿನ ತುದಿಗೂ ಹಿಂದಿನ ತುದಿಗೂ ಎಣ್ಣೆ ಸೋರದಂತೆ ಒಂದೊಂದು ರಬ್ಬರ್ ಪಟ್ಟಿ ಹಾಕಿದೆ. ಮುಂದಿನದು ಹಳೆಯದು, ಒತ್ತಿ ಒತ್ತಿ ಚಪ್ಪಟೆಯಾದದ್ದು. ಹಿಂದಿನದು ಹರಿದಿತ್ತೆಂದು ತೊಯೆರ್ ನಿನ್ನೆ ಹೊಸದನ್ನು ಹಾಕಿದ್ದಾರೆ. ದಪ್ಪಗೆ, ಕರ‍್ರಗೆ, ಗರ್ವದಿಂದ ಕೂತಿದೆ.

"ಸಿಕ್ಕಿಬಿದ್ದ ನೋಡು ಕಳ್ಳ!" ಮೊನೀಬಾ ಸಂತೋಷಕ್ಕೆ ಕೂಗಿಯೇ ಬಿಡುತ್ತಾರೆ. "ಕಾಲರ್ ಒಳಗೆ ದಪ್ಪ ಕ್ಯಾನ್ವಾಸ್ ಇಟ್ರೆ ಕಾಲರ್ ಎಲ್ಲಿ ಕೂತ್ಕೊಳ್ಳತ್ತೆ? ಹೆಡ್ಡಿನ ಅಳತೆ ತಗ್ಗಿಸಿದೀಯ, ಪಟ್ಟಿ ತಗ್ಗಿಸಿಲ್ಲ ಬೂಯಾ!"

ಅರ ಎಳೆದಿದ್ದರೆ ಸರಿಯಾಗಿದ್ದ ಬಾಯಿ ಕೆಡುತ್ತಿತ್ತು. ತೊಯೆರ್ ಮುಖ ಒರೆಸಿಕೊಳ್ಳುತ್ತಾರೆ. ಎರಡೂ ಪಟ್ಟಿಗಳನ್ನು ಕಿತ್ತೆಸೆದು, ಆ ಜಾಗಕ್ಕೆ ಸಿಲಿಕಾನ್ ಪೇಸ್ಟು ಎಳೆಯುವುದೆಂದು ತೀರ್ಮಾನವಾಗುತ್ತದೆ. ಮೊದಲು ಪಟ್ಟಿಯಿಲ್ಲದೆ ಹೊಸ ರಟ್ಟಿಟ್ಟು ಬಿಗಿದು, ಬಿಚ್ಚಿ, ಗಾಲಿ ಉರುಳಿಸುತ್ತಾರೆ. ಈಗ ಚುಕ್ಕಿಗಳು ಆರು ಬಾಯಿಯಲ್ಲೂ ಗೆರೆಯ ಮೇಲೇ ಬಿದ್ದಿವೆ. ಗಸಾಂತ್ ರಟ್ಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಾನೆ, ಪಾಕದ ಬೆರಳಿನ ಗುರುತು ಬಿಡುತ್ತಾನೆ, ಬೈಸಿಕೊಳ್ಳುತ್ತಾನೆ.

ನಿಜವಾದ ಗ್ಯಾಸ್ಕೆಟ್ಟು, ಪೇಸ್ಟು, ಬೋಲ್ಟು ಎಲ್ಲ ಕೂರುತ್ತವೆ. ಪೇಸ್ಟು ಒಣಗುವವರೆಗೆ ಮೂವರೂ ಮೆಟ್ಟಿಲ ಮೇಲೆ ಕೂತು ಕೂಸಿಸ್ಟರ್ ತಿನ್ನುತ್ತಾರೆ. ಮೊನೀಬಾ ಒಂದು ಕಣ್ಣು ಆ ಕಂಬಳಿ ಗಂಟಿನ ಮೇಲೇ ಇದೆ.

ಆಮೇಲೆ ಕೀಲಿ ತಿರುಗುತ್ತದೆ. ಮೊದಲ ಸುತ್ತಿಗೇ ಇಂಜಿನ್ ಹಿಡಿದುಕೊಳ್ಳುತ್ತದೆ! ಗ್ಯಾರೇಜಿನ ಡಬ್ಬಗಳು, ಪಾನಾಗಳು, ಕಪ್ಪುಗಳು ಎಲ್ಲ ನಡುಗುತ್ತವೆ. ಮೊನೀಬಾ ಗಾಳಿ ಬರುವ ಕಡೆಯ ಬಾಗಿಲೆಳೆದು, ಜೇಬಿನಿಂದ ಒಂದು ಗೇಣು ಬಿಳಿ ನೂಲು ತೆಗೆದು, ಮ್ಯಾನಿಫೋಲ್ಡಿನ ಸಂದಿನುದ್ದಕ್ಕೂ ಹಿಡಿದು ಸಾಗುತ್ತಾರೆ. ಸಂದಿನಲ್ಲಿ ಕಳ್ಳಗಾಳಿ ಇದ್ದರೆ ಅದು ನೂಲನ್ನು ಒಳಗೆ ಸೆಳೆಯಬೇಕು. ನೂಲು ನೆಟ್ಟಗೆ ಇಳಿಬಿದ್ದೇ ಇರುತ್ತದೆ.

"ನಡೀರಿ," ಎನ್ನುತ್ತಾರೆ.

ಮೈದಾನಕ್ಕೆ ಅವರೂ ಹೋಗುತ್ತಾರೆ. ಬೇಲಿಯ ಮೇಲೆ ಅದೇ ಹುಡುಗರು. "ಟೀಟಿ, ಸೂಜಿ-ದಾರ ತಂದಿದ್ದೀರಾ?" ಎಂದೊಬ್ಬ ಕೆಣಕುತ್ತಾನೆ. "ತಂದಿದೀನಿ, ನಿನ್ನ ಬಾಯಿಗೆ," ಎನ್ನುತ್ತಾರೆ ಮೊನೀಬಾ, ಕಣ್ಣು ಗೆರೆಯ ಮೇಲೆ ನಿಂತ ಕೊರ್ಟಿನಾ ಮೇಲೆ. ದೀಪ ಹಳದಿಯಾಗುವಾಗ ಅವರಿಗೆ ನೋಡಲಾಗುವುದಿಲ್ಲ. ಕಣ್ಣು ಮುಚ್ಚಿ ಕಿವಿಗೊಡುತ್ತಾರೆ.

ಸದ್ದು ಏರುತ್ತದೆ. ಒಂದು ಎಳೆಯೂ ಕಡಿಯದೆ, ಒಂದು ಕಡೆಯೂ ಮುಗ್ಗರಿಸದೆ, ಏರುತ್ತಲೇ ಹೋಗುತ್ತದೆ. ಬೇಲಿಯ ಹುಡುಗರು ಕುಣಿಯತೊಡಗಿದಾಗ, ತೊಯೆರ್ ಬಂದು ಹೆಗಲು ಹಿಡಿದು ಅಲ್ಲಾಡಿಸಿದಾಗ, ಪಕ್ಕದ ಕಾರಿಗಿಂತ ಒಂದು ಮೂತಿಯಷ್ಟು ಮುಂದೆ ಕೊರ್ಟಿನಾ ಗೆರೆ ದಾಟಿತೆಂದು ಅವರಿಗೆ ತಿಳಿಯುತ್ತದೆ. ಕಣ್ಣು ಬಿಟ್ಟಾಗ ಕೆನ್ನೆ ಒದ್ದೆ. ಧೂಳು ಬಿತ್ತು ಎನ್ನುತ್ತಾರೆ.

ಗಸಾಂತ್ ಶಿರಸ್ತ್ರಾಣವನ್ನೂ ತೆಗೆಯದೆ ಮೊದಲು ಪಿಕಪ್ಪಿಗೆ ಹೋಗುತ್ತಾನೆ. ಕಂಬಳಿ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೊನೀಬಾ ಕಾಲ ಬಳಿ ಇಟ್ಟು ಬಿಚ್ಚುತ್ತಾನೆ. ಸರಪಳಿಯಲ್ಲ. ಒಂದು ಜೊತೆ ಹೆಡ್ಡು, ಒಂದು ಮ್ಯಾನಿಫೋಲ್ಡು.

"ನಮ್ಮ ಭಾವಂದು ಟೀಟಿ. ನಿಮಗೆ ಕೊಡೋದೋ ಬೇರೆಯವರಿಗೆ ಕೊಡೋದೋ ಅಂತ ಬೆಳಿಗ್ಗೆಯಿಂದ ಹೊತ್ಕೊಂಡು ತಿರುಗ್ತಿದ್ದೆ." ಸ್ವಲ್ಪ ತಡೆದು ಸೇರಿಸುತ್ತಾನೆ, "ಹೆಡ್ಡಿಗೆ ಫೇಸಿಂಗ್ ಆಗಿದೆ. ಈಗಲೇ ಹೇಳ್ಬಿಟ್ಟಿದ್ದೀನಿ, ಆಮೇಲೆ ಹೇಳ್ಲಿಲ್ಲ ಅನ್ಬೇಡಿ."

ಮೊನೀಬಾ ಧೂಳಿನಲ್ಲೇ ಕೂರುತ್ತಾರೆ. ಹೆಡ್ಡನ್ನು ಮಡಿಲಿಗೆಳೆದುಕೊಂಡು ಮೊದಲ ಬಾಯಿಯೊಳಗೆ ಕಿರುಬೆರಳು ಹಾಕುತ್ತಾರೆ.

"ಹೇಳ್ದಿದ್ರೂ ನಡೀತಿತ್ತಪ್ಪ," ಎನ್ನುತ್ತಾರೆ. "ಆ ಮೊಳೆ ಮೇಲಿನ ಹಳೇ ರಟ್ಟನ್ನ ನಾನು ಒಲೆಗೆ ಹಾಕಿ ಎಷ್ಟೋ ದಿನ ಆಯ್ತು."