ಆಂಪ್ಲಿಫೈಯರ್ ಕೆಳಗಿನ ಮಣೆ

ಕಮ್ಮನಹಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಒಂದು ಸಾಗುವಾನಿ ಮಣೆ ಇದೆ. ಕಲಬುರಗಿಯಿಂದ ಇಲ್ಲಿಗೆ ಬರುವಾಗ ಅವ್ವ ಜೋಳದ ಚೀಲ, ರೊಟ್ಟಿಯ ಹಂಚುಗಳ ಜೊತೆಗೆ ಅದನ್ನೂ ಹೊತ್ತು ತಂದಿದ್ದಳು. ಈಗ ಅದರ ಮೇಲೆ ಕೂತು ಉಣ್ಣುವವರು ಯಾರೂ ಇಲ್ಲ. ಅವ್ವನಿಗೆ ಮೊಣಕಾಲು ಮಡಚಲು ಬರುವುದಿಲ್ಲ, ನನಗೆ ಮಡಚಿದ ಮೇಲೆ ಏಳಲು ಬರುವುದಿಲ್ಲ. ಆದರೂ ಆ ಮಣೆ ನಮ್ಮಿಬ್ಬರಿಗಿಂತ ಹೆಚ್ಚು ತಿರುಗಾಡುತ್ತದೆ. ಭಾನುವಾರವಾದರೆ ಸಾಕು, ನನ್ನ ಜೊತೆ ಆಟೋ ಹತ್ತಿ ಇಂದಿರಾನಗರಕ್ಕೆ ಹೋಗಿ, ಅಡ್ಡರಸ್ತೆಯ ಒಂದು ಕೆಫೆಯಲ್ಲಿ ನಾಲ್ಕು ಜನರೆದುರು ಕೂತು ಬರುತ್ತದೆ. ಅದು ಅಲ್ಲಿಗೆ ಯಾಕೆ ಹೋಗುತ್ತದೆ ಎಂಬುದನ್ನು ನಿಮಗೆ ಹೇಳಬೇಕು.

ವಾರವಿಡೀ ನಾನು ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಸ್ವಿಚ್‌ಬೋರ್ಡುಗಳನ್ನು ಪರೀಕ್ಷಿಸುವವನು. ಭಾನುವಾರ ಮಾತ್ರ ಎಲೆಕ್ಟ್ರಿಕ್ ಗಿಟಾರ್ ನುಡಿಸುವವನು. ಜೊತೆಗಾರ ಅಯಾಜ್, ಶಿವಾಜಿನಗರದಲ್ಲಿ ಪರದೆ ಬಟ್ಟೆಯ ವ್ಯಾಪಾರಿ. ನಮ್ಮಲ್ಲಿ ಡ್ರಮ್ ಇಲ್ಲ, ಹಾಡುವವರಿಲ್ಲ, ಇರುವುದು ಎರಡೇ ಗಿಟಾರು: ಅವನು ರಾಗವನ್ನು ಎಳೆಯುತ್ತಾನೆ, ನಾನು ಅದರ ಕೆಳಗೆ ತಾಳವನ್ನೂ ಸ್ವರಗಳ ಗೊಂಚಲನ್ನೂ ಹಾಸುತ್ತೇನೆ. ಕಲ್ಯಾಣ ನಗರದ ಅಪಾರ್ಟ್‌ಮೆಂಟಿನ ಹುಟ್ಟುಹಬ್ಬ, ಯಾರದೋ ನಿವೃತ್ತಿಯ ಊಟ, ಮತ್ತೆ ಈ ಕೆಫೆಯ ಮಧ್ಯಾಹ್ನ, ಇಷ್ಟೇ ನಮ್ಮ ಸಾಮ್ರಾಜ್ಯ. ಜನ ಊಟ ಮಾಡುತ್ತಾರೆ, ನಾವು ನುಡಿಸುತ್ತೇವೆ. ಅವರಾಗಲಿ ನಾವಾಗಲಿ ಇನ್ನೊಬ್ಬರ ಕೆಲಸಕ್ಕೆ ಅಡ್ಡಿ ಮಾಡಬಾರದು ಎಂಬುದೇ ಅಲ್ಲಿಯ ಒಪ್ಪಂದ.

ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ದನಿ ಇಲ್ಲವೆಂದೇ ಹೇಳಬೇಕು. ತಂತಿಯ ಗುಸುಗುಸುವನ್ನು ಮಾತಾಗಿಸುವುದು ಆಂಪ್ಲಿಫೈಯರ್ ಎಂಬ ಪೆಟ್ಟಿಗೆ. ನಾವಿಬ್ಬರೂ ಒಂದೊಂದು ಸಣ್ಣ ಪೆಟ್ಟಿಗೆ ಹೊತ್ತು ತಂದು, ಚಪ್ಪಲಿ ಬಿಡುವಷ್ಟೇ ಯೋಚನೆಯಿಂದ ಅವರವರ ಹಿಮ್ಮಡಿಯ ಹಿಂದೆ ನೆಲದ ಮೇಲೆ ಇಟ್ಟುಕೊಳ್ಳುತ್ತಿದ್ದೆವು. ಮನುಷ್ಯನ ಕಿವಿ ಮೊಣಕಾಲಿನಲ್ಲಿ ಇಲ್ಲ ಎಂಬ ಸಂಗತಿ ನಮಗೆ ಹೊಳೆದಿರಲೇ ಇಲ್ಲ. ಸಣ್ಣ ಸ್ಪೀಕರಿನ ಚುರುಕು ದನಿಯೆಲ್ಲ ಟಾರ್ಚಿನ ಬೆಳಕಿನಂತೆ ನೆಟ್ಟಗೆ ಹೋಗುತ್ತದೆ. ಅದು ನನ್ನ ಮೀನಖಂಡವನ್ನು ಸವರಿಕೊಂಡು ಸೀದಾ ಮುಂದಿನ ಮೇಜಿನವರ ಕಿವಿಗೆ ಚುಚ್ಚುತ್ತದೆ, ಮೇಲೆ ನಿಂತ ನನಗೆ ಮಾತ್ರ ಕಂಬಳಿಯೊಳಗಿಂದ ಬಂದಂತೆ ಮಂದವಾಗಿ ಕೇಳುತ್ತದೆ. ಹಾಗಾಗಿ ನಾನು ಬಗ್ಗಿ ವಾಲ್ಯೂಮ್ ಏರಿಸುತ್ತಿದ್ದೆ. ಇವನ್ಯಾಕೆ ಏರಿಸಿದ ಎಂದು ಅಯಾಜ್ ಬಗ್ಗಿ ಅವನದನ್ನು ಏರಿಸುತ್ತಿದ್ದ. ಊಟದವರು ಪಾಯಸಕ್ಕೆ ಬರುವ ಹೊತ್ತಿಗೆ ನಮ್ಮದು ಜಗಳವೋ ಜುಗಲ್‌ಬಂದಿಯೋ ಹೇಳುವುದು ಕಷ್ಟವಾಗುತ್ತಿತ್ತು.

ಇದರ ಮೇಲೆ ಇನ್ನೊಂದು ಎಡವಟ್ಟು. ಪೆಟ್ಟಿಗೆಯ ಮೇಲೆ ದಪ್ಪ ದನಿಗೊಂದು, ನಡು ದನಿಗೊಂದು, ಚೂಪು ದನಿಗೊಂದು ಗುಂಡಿ ಇರುತ್ತವೆ. ಮನೆಯಲ್ಲಿ ಒಬ್ಬನೇ ಕೂತು ತಿರುಗಿಸುವಾಗ ದಪ್ಪವನ್ನೂ ಚೂಪನ್ನೂ ಎತ್ತಿ ನಡುವನ್ನು ಇಳಿಸಿದರೆ ಏನು ವೈಭವ ಎನ್ನುತ್ತೀರಿ, ಕಮ್ಮನಹಳ್ಳಿಯ ಬಾಡಿಗೆ ಮನೆ ಅರಮನೆಯಾಗುತ್ತದೆ! ಅಯಾಜ್ ಕೂಡ ಅವನ ಮನೆಯಲ್ಲಿ ಅದನ್ನೇ ಮಾಡುತ್ತಿದ್ದ. ಎರಡು ಅರಮನೆಗಳನ್ನು ಒಂದೇ ಸೈಟಿನಲ್ಲಿ ಕಟ್ಟಹೊರಟಾಗ ಗುಮ್ಮೆನ್ನುವುದು, ಕಿರ್ರೆನ್ನುವುದು ಎರಡೇ ಉಳಿದು, ಹಾಡು ಇರಬೇಕಾದ ನಡುಮನೆ ಖಾಲಿಯಾಗುತ್ತಿತ್ತು. ಒಂಟಿಯಾಗಿದ್ದಾಗ ಸೊಗಸೆನಿಸುವ ಎಷ್ಟೋ ಸ್ವಭಾವಗಳು ನಾಲ್ಕು ಜನರ ನಡುವೆ ಅಸಹ್ಯವಾಗುವುದನ್ನು ಮದುವೆಯಾದವರು ಬೇಗ ಕಲಿಯುತ್ತಾರಂತೆ. ನಾನು ಮದುವೆಯಾಗಲಿಲ್ಲ, ಗಿಟಾರಿನಿಂದ ಕಲಿತೆ.

ಕೊನೆಗೊಂದು ಭಾನುವಾರ ಕೆಫೆಯ ಒಡತಿ ಶೀಲಾ ನಮ್ಮಿಬ್ಬರನ್ನೂ ಕೌಂಟರಿನ ಪಕ್ಕಕ್ಕೆ ಕರೆದರು. ಒಳ್ಳೆಯ ಹೆಂಗಸು, ಹೇಳಲು ಅವರಿಗೇ ಮುಜುಗರವಾಗುತ್ತಿತ್ತು.

"ತಪ್ಪು ತಿಳ್ಕೋಬೇಡಿ ಸರ್. ಮುಂದಿನ್ ವಾರದಿಂದ ಯಾರಾದ್ರೂ ಒಬ್ರು ಬಂದ್ರೆ ಸಾಕು. ಒಬ್ರೇ ನುಡಿಸಿದ್ರೆ ಚೆನ್ನಾಗಿರತ್ತೆ. ಇಬ್ರೂ ಸೇರಿದ್ರೆ ಮುಂದಿನ್ ಟೇಬಲ್‌ನಲ್ಲಿ ಯಾರೂ ಕೂರ್ತಾನೇ ಇಲ್ಲ."

ಯಾರು ಆ ಒಬ್ಬರು ಎಂದು ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ. ಹಲಸೂರು ಕೆರೆಯ ಬಳಿ ಆಟೋ ನಿಲ್ಲಿಸಿ ಚಹಾ ಹಿಡಿದು ನಿಂತಾಗ ಅಯಾಜನೇ ಬಾಯಿಬಿಟ್ಟ.

"ನೀನೇ ಹೋಗು ಮಗಾ. ನಾನ್ ಬಿಟ್ಬಿಡ್ತೀನಿ."

"ಯಾಕೆ, ನಿನಗೇನಾಗಿದೆ?"

"ಬಲಗಿವಿ ಹೋಗ್ತಾ ಇದೆ. ಡಾಕ್ಟರ್ ಹತ್ರ ತೋರಿಸ್ದೆ. ಈ ವರ್ಷ ಪೂರ್ತಿ ನಿನ್ನ ಗಿಟಾರ್ ನನಗೆ ಸರಿಯಾಗಿ ಕೇಳಿಸ್ಲೇ ಇಲ್ಲ, ಯಾರ್. ನಿನ್ನ ಕೈ ನೋಡ್ಕೊಂಡೇ ನುಡಿಸ್ತಿದ್ದೆ."

ನಾನು ಯಾವಾಗಲೂ ಅವನ ಬಲಕ್ಕೆ ನಿಲ್ಲುತ್ತಿದ್ದೆ. ಹಾಗೆ ನಿಂತರೆ ತಂತಿ ಒತ್ತುವ ನನ್ನ ಎಡಗೈ ಅವನ ಕಣ್ಣಿಗೆ ಹತ್ತಿರ. ವರ್ಷವಿಡೀ ಅವನು ನನ್ನ ಬೆರಳುಗಳನ್ನೇ ನೋಡುವುದನ್ನು ಕಂಡು ನಾನು ಒಳಗೊಳಗೇ ಬೀಗಿದ್ದೆ, ಕಲಿಯುತ್ತಿದ್ದಾನೆ ಪಾಪ ಎಂದುಕೊಂಡಿದ್ದೆ. ಈಗ ಆ ಹೆಮ್ಮೆಯೆಲ್ಲ ಇಳಿದುಹೋಯಿತು. ಒಬ್ಬನೇ ನುಡಿಸುವುದು ನನಗೆ ಬೇಕಿರಲಿಲ್ಲ. ವಾರದ ಆರು ದಿನ ಯಂತ್ರಗಳ ಜೊತೆ ಕಳೆದವನಿಗೆ ಏಳನೆಯ ದಿನ ಇನ್ನೊಬ್ಬ ಮನುಷ್ಯನ ದನಿಗೆ ದನಿಗೂಡಿಸುವುದೇ ಸುಖ. ಅದಿಲ್ಲದ ಭಾನುವಾರವನ್ನು ನೆನೆದೇ ನನಗೆ ಭಯವಾಯಿತು.

"ಒಂದ್ ಕೆಲ್ಸ ಮಾಡೋಣ. ಜಾಗ ಬದಲಾಯಿಸೋಣ. ನಾನು ನಿನ್ನ ಎಡಗಡೆ ಬರ್ತೀನಿ."

"ಕಿವಿ ಬದಲಾಯಿಸೋಕಾಗತ್ತಾ?" ಎಂದು ಅಯಾಜ್ ನಕ್ಕ. ಆದರೂ ಮಾರನೆಯ ಸಂಜೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ನಮ್ಮ ಮನೆಗೆ ಬಂದ.

ಮುಂದಿನ ಕೋಣೆಯಲ್ಲಿ ನಾವು ನಿಲ್ಲುವ ಜಾಗವನ್ನೂ ಪೆಟ್ಟಿಗೆಗಳನ್ನೂ ಅದಲುಬದಲು ಮಾಡಿದೆವು. ನನ್ನ ಪೆಟ್ಟಿಗೆ ಅವನ ಎಡಕ್ಕೆ, ಕೈಗೆ ಎಟಕುವಷ್ಟು ಹತ್ತಿರ. ಅವನದು ನನ್ನ ಪಕ್ಕಕ್ಕೆ. ಆದರೆ ನನ್ನ ಪೆಟ್ಟಿಗೆ ನೆಲದ ಮೇಲೆ ಕೂತರೆ ಮತ್ತದೇ ಮೊಣಕಾಲಿನ ಕಥೆ. ಅದು ಮುಖವೆತ್ತಿ ಅವನ ಎಡಗಿವಿಯನ್ನು ನೋಡಬೇಕಿತ್ತು. ಮುಂಭಾಗದಡಿ ಹಳೆಯ ಕ್ಯಾಟಲಾಗ್‌ಗಳನ್ನು ಇಟ್ಟೆ, ಜಾರಿದವು. ಇಟ್ಟಿಗೆ ಇಟ್ಟೆ, ಪೆಟ್ಟಿಗೆ ಅಲುಗಾಡಿತು. ಆಮೇಲೆ ಅಡುಗೆಮನೆಯ ಗೋಡೆಗೆ ಒರಗಿಸಿದ್ದ ಮಣೆ ಕಣ್ಣಿಗೆ ಬಿತ್ತು. ಪೆಟ್ಟಿಗೆಯ ಮುಂಭಾಗ ಅದರ ಮೇಲೆ ಬಂದಾಗ ಅಳತೆ ಕೊಟ್ಟು ಮಾಡಿಸಿದಂತೆ ನಿಂತಿತು.

ಅಕ್ಕಿಯ ಮೊರ ಹಿಡಿದು ಹೊರಬಂದ ಅವ್ವ ನೋಡಿದಳು. "ಅದರ ಮ್ಯಾಲ ನಿಮ್ಮಪ್ಪ ಕುಂತು ಉಂಡಾರ. ಆ ಡಬ್ಬಿ ಕುಂದ್ರಸಲಾಕ ಬ್ಯಾರೆ ಏನೂ ಸಿಗಲಿಲ್ಲೇನು ನಿನಗ?"

ನಾನು ಅಯಾಜನ ಕಿವಿಯ ಸಂಗತಿ ಹೇಳಿದೆ. ಅವ್ವ ಎದುರಿನ ಕುರ್ಚಿಯಲ್ಲಿ ಕೂತು ಅಕ್ಕಿ ಆರಿಸತೊಡಗಿದಳು. ನಾವು ನುಡಿಸಿದೆವು. ನಾನು ದಪ್ಪವನ್ನು ಇಳಿಸಿ ನಡುವನ್ನು ಎತ್ತಿದ್ದೆ, ಅವನು ಚೂಪನ್ನು ತಗ್ಗಿಸಿದ್ದ. ಒಂಟಿಯಾಗಿ ಕೇಳಿದರೆ ಎರಡೂ ಬಡಕಲು ದನಿಗಳು. ಸೇರಿದಾಗ ಮಾತ್ರ ಒಂದರ ಜಾಗವನ್ನು ಇನ್ನೊಂದು ತುಳಿಯಲಿಲ್ಲ. ಹಾಡು ಮುಗಿದ ಮೇಲೆ ಅವ್ವ, "ಈಗ ಇಬ್ಬರದೂ ಕೇಳಸ್ತದ ನೋಡ್ರಿ" ಎಂದು ಮೊರ ಕೊಡವಿ ಒಳಗೆ ಹೋದಳು.

ಗೆಳೆಯರೇ, ಈ ಅದಲುಬದಲಿನಲ್ಲಿ ನಾವು ಬಯಸದೇ ಬಂದ ಒಂದು ಪದ್ಧತಿಯಿದೆ. ನನ್ನ ದನಿಯ ಗುಂಡಿ ಈಗ ಅವನ ಕೈಯಲ್ಲಿ, ಅವನದು ನನ್ನ ಕೈಯಲ್ಲಿ. ನನಗೆ ನಾನು ಸಾಲದೆನಿಸಿದರೂ ಏರಿಸಿಕೊಳ್ಳುವಂತಿಲ್ಲ. ಅವನಿಗೆ ಸಾಲದೆನಿಸಿದರೆ ಏರಿಸುತ್ತಾನೆ. ಮೊದಮೊದಲು ನನಗೆ ಕೈ ಕಟ್ಟಿಹಾಕಿದಂತೆ ಕಿರಿಕಿರಿಯಾಗುತ್ತಿತ್ತು. ನಮ್ಮ ಮಾತು ಎಷ್ಟು ಜೋರಿರಬೇಕೆಂದು ಕೇಳುವವನೇ ತೀರ್ಮಾನಿಸುವ ಏರ್ಪಾಟನ್ನು ಮನೆಗಳಲ್ಲೂ ಕಚೇರಿಗಳಲ್ಲೂ ತಂದರೆ ಹೇಗಿರುತ್ತದೆಂದು ಈಗ ಯೋಚಿಸುತ್ತೇನೆ. ನಮ್ಮ ಮ್ಯಾನೇಜರು ಒಪ್ಪಲಾರರು.

ಒಂದು ಸಲ ಕೇಳಿ ನೋಡಿ ಎಂದು ಶೀಲಾ ಅವರನ್ನು ಬೇಡಿಕೊಂಡೆವು. ಆ ಭಾನುವಾರ ಮುಂದಿನ ಮೇಜಿಗೆ ಒಂದು ಸಂಸಾರ ಬಂದು ಕೂತಿತು. ಮೇಲ್ಮುಖವಾಗಿದ್ದ ಪೆಟ್ಟಿಗೆಯ ದನಿ ಅವರ ತಲೆಯ ಮೇಲೆ ಹಾದು ಹೋಗುತ್ತಿತ್ತು. ಅವರು ಉಂಡರು, ಮಾತಾಡಿದರು, ಎದ್ದು ಹೋಗುವ ಬದಲು ಕಾಫಿ ಹೇಳಿದರು. ನಾವು ವೈರು ಸುತ್ತುವಾಗ ಶೀಲಾ ಬಂದು, "ಮುಂದಿನ್ ವಾರ ಇಬ್ರೂ ಬರ್ತೀರಲ್ವಾ?" ಎಂದರು. ಅಯಾಜ್ ನನ್ನನ್ನು ನೋಡಿ ಹಲ್ಲು ಕಿರಿದ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಎಡಗಿವಿಯೂ ಹೀಗೇ ಇರುತ್ತದೆಂದು ಹೇಳಲಾಗದು ಎಂದು ಡಾಕ್ಟರು ಅವನಿಗೆ ಹೇಳಿದ್ದಾರೆ. ಅದನ್ನು ನನಗೊಮ್ಮೆ ತಿಳಿಸಿದ ಮೇಲೆ ಅವನು ಮತ್ತೆ ಆ ಮಾತು ಎತ್ತಿಲ್ಲ. ನನಗೆ ಗುಂಡಿಯಿಂದಲೇ ತಿಳಿಯುತ್ತದೆ: ಕೆಲವು ವಾರ ಅವನ ಕೈ ಬಗ್ಗಿ ನನ್ನ ವಾಲ್ಯೂಮನ್ನು ಕೂದಲೆಳೆಯಷ್ಟು ಏರಿಸುತ್ತದೆ, ನನ್ನ ಎದೆ ಅಷ್ಟೇ ಇಳಿಯುತ್ತದೆ. ಹೀಗೆ ಏರಿಸುತ್ತ ಹೋದರೆ ಮುಂದಿನ ಮೇಜು ಮತ್ತೆ ಖಾಲಿಯಾಗುವುದು ಖಂಡಿತ.

ಕಳೆದ ಭಾನುವಾರ ನಾನು ಹೊರಡುವ ಮುಂಚೆಯೇ ಅವ್ವ ಮಣೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಗಿಟಾರಿನ ಚೀಲದ ಪಕ್ಕ ಇಟ್ಟಿದ್ದಳು. ಕೆಫೆಯಲ್ಲಿ ಎರಡನೆಯ ಹಾಡಿನ ಆರಂಭವನ್ನು ನಾನು ನುಡಿಸುತ್ತಿದ್ದಾಗ ಅಯಾಜನ ಕೈ ಗುಂಡಿಯ ಕಡೆ ಹೋಯಿತು. ಅವನು ಮುಂದಿನ ಮೇಜನ್ನು ನೋಡಿದ. ಅಲ್ಲೊಬ್ಬಳು ತಾಯಿ ಮಗುವಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ಎಡಗಾಲಿನ ಚಪ್ಪಲಿ ಬಿಟ್ಟು, ಪೆಟ್ಟಿಗೆಯಡಿಯಿಂದ ಹೊರಚಾಚಿದ್ದ ಮಣೆಯ ಅಂಚಿನ ಮೇಲೆ ಬರಿಗಾಲನ್ನು ಇಟ್ಟ.

ನನಗೆ ಮೊದಲು ಅರ್ಥವಾಗಲಿಲ್ಲ. ನಾನು ದಪ್ಪ ತಂತಿಯನ್ನು ಮೀಟಿದಾಗ ಅವನ ಹೆಬ್ಬೆರಳು ಮರವನ್ನು ಒತ್ತಿತು. ಇನ್ನೊಮ್ಮೆ ಮೀಟಿದೆ, ಇನ್ನೊಮ್ಮೆ ಒತ್ತಿತು. ಆಮೇಲೆ ಪ್ರತಿ ತಾಳದ ಮೊದಲ ಏಟಿಗೂ ನಾನು ಆ ತಂತಿಯನ್ನೇ ಮುಟ್ಟಿದೆ, ಅದರ ನಡುಕ ಅಪ್ಪ ಕೂತು ಉಂಡ ಆ ಮಣೆಯೊಳಗೆ ಇಳಿಯುವಷ್ಟು ಹೊತ್ತು ಅದನ್ನು ಮೊಳಗಲು ಬಿಟ್ಟೆ. ರಾಗ ಎತ್ತಿಕೊಳ್ಳುವ ಜಾಗ ಬಂತು. ಅಯಾಜ್ ಸರಿಯಾದ ಏಟಿಗೇ ಒಳಗೆ ಬಂದ. ಅವನು ನನ್ನ ಕೈಯನ್ನು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿದ್ದ.