ಲೇಡಿ ರಾಜಲಕ್ಷ್ಮಿ ಹೊತ್ತ ತಪ್ಪು

ಎಲಿಕಾಟ್ ಸಿಟಿಯ ಕನ್ನಡಿಗರ ಪೈಕಿ ‘ಲೇಡಿ’ ಎಂದು ಕರೆಸಿಕೊಳ್ಳುವ ಹಕ್ಕಿದ್ದದ್ದು ರಾಜಲಕ್ಷ್ಮಿ ಒಬ್ಬರಿಗೇ. ಮೈಸೂರಿನ ಚಾಮುಂಡಿಪುರಂನಲ್ಲಿ ಹುಟ್ಟಿ, ಅಣ್ಣ ಸುರೇಶನ ಹಿಂದೆ ಮೇರಿಲ್ಯಾಂಡಿಗೆ ಬಂದು, ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ ತೆಗೆದು ಆಯುಷ್ಯ ಕಳೆದ ಹೆಂಗಸು. ಗಂಡ ಸರ್ ಹ್ಯೂ ಪೆಲ್ಹರ್ಸ್ಟ್, ಬ್ರಿಟಿಷ್ ಸೈನ್ಯದ ಕರ್ನಲ್, ಅದರ ಮೇಲೆ ಬ್ಯಾರನೆಟ್. ಬ್ಯಾರನೆಟ್ ಎಂದರೆ ಅಪ್ಪ ಸತ್ತ ಮೇಲೆ ಹಿರಿಯ ಮಗನಿಗೆ ಇಳಿದು ಬರುವ ‘ಸರ್’ ಪದವಿ. ಬಂಗಲೆ, ಜಮೀನು ಎಲ್ಲ ಅವರ ತಾತನ ಕಾಲಕ್ಕೇ ಕರಗಿಹೋಗಿ, ಉಳಿದದ್ದು ಆ ಪದವಿ ಮಾತ್ರ. ಹೆಸರು ಕ್ಷೀರಸಾಗರ ಭಟ್ಟ, ಮಜ್ಜಿಗೆ ನೀರಿಗೂ ಗತಿಯಿಲ್ಲ ಎಂದು ಸುರೇಶ ಭಾವನ ಬೆನ್ನ ಹಿಂದೆ ನಗುತ್ತಿದ್ದ. ಕನ್ನಡ ಸಂಘದ ಯುಗಾದಿ ಊಟದಲ್ಲಂತೂ “ಲೇಡಿಯವರಿಗೆ ಇನ್ನೊಂದು ಹೋಳಿಗೆ ಹಾಕ್ರಪ್ಪ” ಎಂದು ಯಾರಾದರೂ ಕೂಗಲೇಬೇಕು. ರಾಜಲಕ್ಷ್ಮಿ ನಗುತ್ತಲೇ ಹಾಕಿಸಿಕೊಳ್ಳುತ್ತಿದ್ದರು.

ಕರ್ನಲ್ ಸಾಹೇಬರು ವಾಷಿಂಗ್ಟನ್ನಿನಲ್ಲಿ ಕೆಲಸದ ಮೇಲಿದ್ದಾಗ ರಕ್ತಪರೀಕ್ಷೆಗೆಂದು ಬಂದವರು. ಯುದ್ಧ ಕಂಡ ಮನುಷ್ಯ ಸೂಜಿ ಕಂಡು ಬೆವರಿದ್ದನ್ನು ನೋಡಿ ರಾಜಲಕ್ಷ್ಮಿಗೆ ನಗು ಬಂತು. ಅಲ್ಲಿಂದ ಶುರುವಾದದ್ದು ತೊಂಬತ್ತೊಂದರ ಬೇಸಿಗೆಯಲ್ಲಿ ಮದುವೆಗೆ ಬಂದು ನಿಂತಿತು. ಮೈಸೂರಿನಿಂದ ಅಪ್ಪ ಮುಖ ಊದಿಸಿಕೊಂಡೇ ಬಂದರು, ಆದರೆ ಬಂದರು. ಆಷಾಢಕ್ಕೆ ಮುಂಚಿನ ಕೊನೆಯ ಮುಹೂರ್ತ ಆ ಭಾನುವಾರದ್ದು. ಪುರೋಹಿತರು ಫೋನಿನಲ್ಲೇ ಕೇಳಿದ್ದರು, ಕೌಂಟಿ ಕೋರ್ಟಿನಿಂದ ಮದುವೆಯ ಲೈಸೆನ್ಸ್ ತಗೊಂಡಿದ್ದೀರಾ ಎಂದು. ಓಡಾಟದಲ್ಲಿ ಅದು ಎಲ್ಲರಿಗೂ ಮರೆತೇಹೋಗಿತ್ತು. ನೆನಪಾದಾಗ ಕೋರ್ಟಿನ ಬಾಗಿಲು ಮುಚ್ಚಿತ್ತು.

“ಅಗ್ನಿ ಸಾಕ್ಷಿ ಇರೋವಾಗ ಗುಮಾಸ್ತನ ಸಾಕ್ಷಿ ಯಾಕಮ್ಮ? ಆಷಾಢ ಬಂದ್ಮೇಲೆ ನಾನು ಧಾರೆ ಎರೆಯಕ್ಕಾಗತ್ತಾ?” ಎಂದರು ಅಪ್ಪ.

ಪೇಪರ್ ಆಮೇಲೆ ಮಾಡಿಸಿದರಾಯಿತು ಎಂದು ರಾಜಲಕ್ಷ್ಮಿಯೂ ಹೇಳಿದರು. ಹ್ಯೂ ಭುಜ ಕುಣಿಸಿ ಒಪ್ಪಿದರು. ಸುರೇಶನ ಮನೆಯ ಬೇಸ್‌ಮೆಂಟಿನಲ್ಲಿ, ಹೋಮದ ಹೊಗೆಗೆ ಅಲಾರಂ ಬಡಿದುಕೊಳ್ಳದಂತೆ ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ, ತಾಳಿ ಕಟ್ಟಿಸಿದರು. ನಮ್ಮವರ ದೃಷ್ಟಿಯಲ್ಲಿ ಮದುವೆ ಅಲ್ಲಿಗೆ ಮುಗಿಯಿತು. ಯಾರ ದೃಷ್ಟಿಯಲ್ಲಿ ಅದು ಶುರುವೇ ಆಗಿಲ್ಲ ಎಂದು ಕೇಳುವ ಪುರುಸೊತ್ತು ಆ ದಿನ ಯಾರಿಗಿತ್ತು?

ಮರುವರ್ಷ ಅಭಿಷೇಕ್ ಹುಟ್ಟಿದ. ಅದರ ಮರುವರ್ಷ ಹ್ಯೂ ಸೈನ್ಯದಿಂದ ನಿವೃತ್ತರಾದರು. ಇಲ್ಲೇ ನಿಲ್ಲಲು ಗ್ರೀನ್ ಕಾರ್ಡ್ ಬೇಕಾಯಿತು. ಆಗ ಕೋರ್ಟಿಗೆ ಹೋಗಿ ಸಹಿ ಹಾಕಿ ಬಂದರು. ಮಗು ಅಪ್ಪನ ಹೆಗಲ ಮೇಲೆ ಕುಳಿತು ಗುಮಾಸ್ತಳಿಗೆ ಟಾಟಾ ಮಾಡಿತಂತೆ. ಎರಡು ವರ್ಷ ಬಿಟ್ಟು ಯಾಮಿನಿ ಹುಟ್ಟಿದಳು.

ಅಭಿಷೇಕ್ ಬೆಳೆದದ್ದು ಅಪ್ಪನ ಮುಖ ನೋಡುತ್ತಾ. ಲ್ಯಾನ್‌ಹ್ಯಾಮಿನ ದೇವಸ್ಥಾನದಲ್ಲಿ ಅರ್ಚನೆಗೆ ಗೋತ್ರ ಕೇಳಿದರೆ ಅಮ್ಮ ತನ್ನ ತವರಿನದನ್ನು ಹೇಳುವಳು. ಅದು ನನ್ನದಲ್ಲವಲ್ಲ, ನಾನು ಪೆಲ್ಹರ್ಸ್ಟ್ ಅಲ್ಲವಾ ಎಂದು ಹುಡುಗ ಕೇಳುತ್ತಿದ್ದ. ಈಜಿನಲ್ಲಿ ಮೆಡಲ್ ತಂದ, ಹ್ಯೂ ಪೇಪರಿನಿಂದ ತಲೆ ಎತ್ತಿ ಗುಡ್ ಎಂದರು. ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಬಂತು, ಆಗಲೂ ಅಷ್ಟೇ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಚಿನ್ನದಂಥ ಮಗ ಎದುರಿಗೆ ನಿಂತರೂ ಕಣ್ಣು ತುಂಬದ ಅಪ್ಪನಿಗೆ ಏನು ಅನ್ನಬೇಕೋ ನನಗಂತೂ ತಿಳಿಯದು. ಬ್ರಿಟಿಷರೇ ಹಾಗೆ, ಒಳಗೆ ಪ್ರೀತಿ ಇರುತ್ತದೆ ಎಂದು ರಾಜಲಕ್ಷ್ಮಿ ಮಗನನ್ನು ಸಮಾಧಾನ ಮಾಡುವರು.

ಇಪ್ಪತ್ತೊಂದರ ಜನವರಿಯಲ್ಲಿ ಕೋವಿಡ್ ಹ್ಯೂ ಅವರನ್ನು ಒಯ್ದಿತು. ಆಸ್ಪತ್ರೆಯೊಳಗೆ ಹೆಂಡತಿಗೂ ಪ್ರವೇಶವಿರಲಿಲ್ಲ. ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದ ಹೆಂಗಸು ಪಾರ್ಕಿಂಗ್‌ನಲ್ಲಿ ಕಾರೊಳಗೆ ಕುಳಿತು ಅತ್ತರು. ನರ್ಸ್ ಹಿಡಿದ ಐಪ್ಯಾಡಿನಲ್ಲಿ ಹ್ಯೂ ಮಗನನ್ನು ನೋಡಿ, ಉಸಿರು ಹಿಡಿದು ಹೇಳಿದ್ದು ಒಂದೇ ಮಾತು: ನೆಟ್ಟಗೆ ನಿಂತ್ಕೊ. ಆ ಮಾತನ್ನು ಅಭಿಷೇಕ್ ಎದೆಗೆ ಅವಚಿಕೊಂಡ. ಅಪ್ಪ ನನಗೆ ಮನೆತನ ಒಪ್ಪಿಸಿ ಹೋದರು ಎಂದು ಎಲ್ಲರಿಗೂ ಹೇಳಿದ. ಪದವಿಗೆ ಅರ್ಜಿ ಹಾಕಲು ಲಂಡನ್ನಿನ ವಕೀಲರೊಬ್ಬರನ್ನು ಹಿಡಿದ. ಅವರು ತಂದೆತಾಯಿಯ ಮದುವೆಯ ಸರ್ಟಿಫಿಕೇಟ್ ಕೇಳಿದರು. ರಾಜಲಕ್ಷ್ಮಿ ಏನೂ ಯೋಚಿಸದೆ ಬೀರುವಿನಿಂದ ತೆಗೆದುಕೊಟ್ಟರು.

“ಅಮ್ಮಾ, ಇದ್ರಲ್ಲಿ ನೈಂಟಿ ತ್ರೀ ಅಂತ ಇದೆ. ನಾನು ಹುಟ್ಟಿದ್ದು ನೈಂಟಿ ಟೂ.”

“ಅದು ಕೋರ್ಟಿಂದು ಕಣೋ. ನಿಜವಾದ ಮದುವೆ ಅದಕ್ಕೆ ಮುಂಚೆನೇ ಆಗಿತ್ತಲ್ಲ. ಆಲ್ಬಮ್ ನೋಡಿಲ್ವಾ ನೀನು?”

“ದೇ ಡೋಂಟ್ ಕೇರ್ ಅಬೌಟ್ ದಿ ಆಲ್ಬಮ್, ಅಮ್ಮಾ.”

ವಕೀಲರ ಉತ್ತರ ಒಂದೇ ವಾರದಲ್ಲಿ ಬಂತು. ಕಾನೂನಿನ ಮದುವೆಗೆ ಮುಂಚೆ ಹುಟ್ಟಿದ ಮಗನಿಗೆ ಪದವಿ ಸಲ್ಲುವುದಿಲ್ಲ, ಆಮೇಲೆ ತಂದೆತಾಯಿ ಮದುವೆಯಾದರೂ ಸರಿಯೇ. ಹೆಣ್ಣುಮಕ್ಕಳಿಗಂತೂ ಇಲ್ಲವೇ ಇಲ್ಲ. ಅದು ಹ್ಯೂ ಅವರ ದಾಯಾದಿ ತಮ್ಮ ರಾಬಿನ್‌ಗೆ ಹೋಗುತ್ತದೆ.

ಎರಡು ದಿನ ಬಿಟ್ಟು ರಾಬಿನ್ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಸಂಕೋಚದಿಂದಲೇ ಮಾತಾಡಿದರು. ಇದು ನಿಮಗೆಲ್ಲ ಗೊತ್ತಿರುವ ವಿಷಯ ಎಂದುಕೊಂಡಿದ್ದೆ, ಹುಡುಗ ಅರ್ಜಿ ಹಾಕಿದ್ದು ಕೇಳಿ ಬೇಜಾರಾಯಿತು ಎಂದರು. ಅಭಿಷೇಕ್‌ಗೆ ಎರಡು ವರ್ಷವಾಗಿದ್ದಾಗ ತಮಗೆ ಗಂಡುಮಗು ಹುಟ್ಟಿತು, ಆಗಲೇ ಹ್ಯೂ ಫೋನ್ ಮಾಡಿ, ನನಗೆ ವಾರಸುದಾರನಿಲ್ಲ, ಇನ್ನೊಂದು ಗಂಡಾದರೆ ನೋಡೋಣ, ಇಲ್ಲದಿದ್ದರೆ ಇದೆಲ್ಲ ನಿನ್ನ ಮಗನಿಗೇ ಎಂದಿದ್ದರಂತೆ.

ರಾಜಲಕ್ಷ್ಮಿ ಫೋನ್ ಕೆಳಗಿಟ್ಟು ಅಡುಗೆಮನೆಯಲ್ಲಿ ಕುಳಿತುಬಿಟ್ಟರು. ಇನ್ನೊಂದು ಗಂಡಾದರೆ! ಯಾಮಿನಿ ಹುಟ್ಟಿದ ದಿನ ಹ್ಯೂ ಆಸ್ಪತ್ರೆಯ ಕಿಟಕಿಯ ಕಡೆ ಮುಖ ಮಾಡಿ ನಿಂತದ್ದು ಕಣ್ಣೆದುರು ಬಂತು. ಅದಾದ ಮೇಲೆ ಇನ್ನೊಂದು ಮಗು ಬೇಕೆಂದು ಹಿಡಿದ ಹಟ. ವಯಸ್ಸು ನಲವತ್ತರ ಹತ್ತಿರ, ಡಾಕ್ಟರ್ ಬೇಡ ಎಂದಿದ್ದರು. ಎರಡು ಸಲ ಬಸಿರು ನಿಂತು, ಎರಡು ಸಲವೂ ಹೋಯಿತು. ಎರಡನೆಯ ಸಲ ಪ್ರಾಣವೇ ಹೋಗುವುದರಲ್ಲಿತ್ತು. ಇಬ್ಬರು ಮಕ್ಕಳಿದ್ದಾರಲ್ಲ, ಇನ್ನು ಸಾಕು ಎಂದು ಅತ್ತಾಗ ಗಂಡ ಎದ್ದು ಹೋಗಿದ್ದರು. ಮಕ್ಕಳ ಮೇಲೆ ಆಸೆ ಎಂದು ತಿಳಿದಿದ್ದರು ಈಕೆ. ಮನೆಯಲ್ಲಿ ಆಡಿಕೊಂಡಿದ್ದ ಮಗನನ್ನು ಆ ಮನುಷ್ಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಆ ಕ್ಷಣ ರಾಜಲಕ್ಷ್ಮಿಗೆ ಸತ್ತ ಗಂಡನ ಮೇಲೆ ಬಂದ ಸಿಟ್ಟು ಬದುಕಿದ್ದಾಗ ಒಂದು ದಿನವೂ ಬಂದಿರಲಿಲ್ಲ.

ರಾಬಿನ್‌ಗೆ ಮತ್ತೆ ಫೋನ್ ಮಾಡಿ, ಈ ಮಾತು ಅಭಿಷೇಕ್‌ಗೆ ಹೇಳಬೇಡಿ ಎಂದು ಬೇಡಿಕೊಂಡರು. ಅವರು ಮಾತು ಕೊಟ್ಟರು.

ಸಂಜೆ ಅಭಿಷೇಕ್ ಕೆಳಗಿಳಿದು ಬಂದ. ಪದವಿ ಹೋದದ್ದಕ್ಕೆ ಕೊರಗಲಿಲ್ಲ. “ಅಮ್ಮಾ, ಒಂದೇ ಪ್ರಶ್ನೆ. ಡ್ಯಾಡ್‌ಗೆ ಇದು ಗೊತ್ತಿತ್ತಾ? ನಂಗೆ ಸಿಗಲ್ಲ ಅಂತ?”

ನಿಜ ಹೇಳಿದರೆ ಅವನಿಗೆ ಅಪ್ಪ ಇಲ್ಲವಾಗುತ್ತಾನೆ, ಚಿಕ್ಕಂದಿನಿಂದ ಕಂಡ ಒಂದೊಂದು ತಣ್ಣನೆಯ ‘ಗುಡ್’ಗೂ ಅವನಿಗೆ ಅರ್ಥ ಹೊಳೆದುಬಿಡುತ್ತದೆ ಎಂದು ತಾಯಿಗೆ ಗೊತ್ತಿತ್ತು.

“ಗೊತ್ತಿರ್ಲಿಲ್ಲ ಕಣೋ,” ಎಂದರು ರಾಜಲಕ್ಷ್ಮಿ. “ಮದುವೆ ಪೇಪರ್ ಎಲ್ಲ ಅಣ್ಣನ ಕೈಲಿ ಮಾಡ್ಸಿದೀನಿ ಅಂತ ನಾನೇ ಸುಳ್ಳು ಹೇಳಿದ್ದೆ. ಆಮೇಲೆ ಕೋರ್ಟಲ್ಲಿ ಮಾಡ್ಸಿದ್ದು ಬರೀ ಗ್ರೀನ್ ಕಾರ್ಡ್ ಫಾರ್ಮಾಲಿಟಿ ಅಂತ ನಂಬ್ಸಿದ್ದೆ. ಕೊನೇವರೆಗೂ ನಿಮ್ಮಪ್ಪ ನೀನೇ ಮುಂದಿನ ಸರ್ ಅಂದ್ಕೊಂಡಿದ್ರು.”

ಮೊದಲು ಅವನ ಮುಖ ಸಡಿಲವಾಯಿತು, ಕಣ್ಣು ತುಂಬಿ ಬಂತು. ರಾಜಲಕ್ಷ್ಮಿಗೆ ಬೇಕಾಗಿದ್ದದ್ದು ಅಷ್ಟೇ. ಆಮೇಲೆ ಅದೇ ಮುಖ ಬಿಗಿಯಿತು.

“ಸೋ ಇಟ್ ವಾಸ್ ಯು. ಡ್ಯಾಡ್ ನನ್ನ ನಂಬಿದ್ರು. ನೀನು ಇಬ್ರಿಗೂ ಮೋಸ ಮಾಡ್ದೆ.”

“ಹೌದು,” ಎಂದರು ತಾಯಿ.

ತಿಂಗಳೊಳಗೆ ಅವನು ಜಾರ್ಜಿಯಾದ ಲಾರೆನ್ಸ್‌ವಿಲ್‌ಗೆ ಕೆಲಸ ಹಿಡಿದು ಹೋದ. ಫೋನು ನಿಂತಿತು. ಎರಡು ವರ್ಷ ಬಿಟ್ಟು ರಚನಾ ಎಂಬ ಹುಡುಗಿಯನ್ನು ಮದುವೆಯಾದ. ತಂಗಿಯನ್ನು ಕರೆದ, ತಾಯಿಯನ್ನು ಕರೆಯಲಿಲ್ಲ. ಸಂಘದಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು? ಗಂಡನಿಗೇ ಮೋಸ ಮಾಡಿದಳಂತೆ ಎಂದು ಹೋಳಿಗೆ ಹಾಕಿಸಿದ ಬಾಯಿಗಳೇ ಪಿಸುಗುಟ್ಟಿದವು. ರಾಜಲಕ್ಷ್ಮಿ ಸಂಘಕ್ಕೆ ಹೋಗುವುದನ್ನು ಬಿಟ್ಟರು.

ಈ ವರ್ಷ ಯಾಮಿನಿ ಆಫೀಸಿನ ಕೆಲಸಕ್ಕೆ ಲಂಡನ್ನಿಗೆ ಹೋಗಿದ್ದವಳು ರಾಬಿನ್‌ರ ಮನೆಯಲ್ಲಿ ಊಟ ಮಾಡಿ ಬಂದಳು. ಇವಳಿಗೆಲ್ಲ ಗೊತ್ತಿದೆ ಎಂದುಕೊಂಡು ಆ ಮುದುಕರು ಹ್ಯೂ ಹಿಂದೆ ಫೋನಿನಲ್ಲಿ ಆಡಿದ್ದ ಮಾತು ಹೇಳಿಬಿಟ್ಟಿದ್ದರು. ಬಂದ ದಿನವೇ ಯಾಮಿನಿ ತಾಯಿಯ ಮುಂದೆ ಕುಳಿತಳು.

“ಅಮ್ಮಾ, ಡ್ಯಾಡ್‌ಗೆ ಎಲ್ಲಾ ಗೊತ್ತಿತ್ತು. ನೀನ್ಯಾಕೆ ನಿನ್ ಮೇಲೆ ಹಾಕ್ಕೊಂಡೆ? ಅಭಿಗೆ ಈಗ್ಲೇ ಕಾಲ್ ಮಾಡಿ ಹೇಳ್ತೀನಿ. ಹಿ ವಿಲ್ ಬಿ ಹಿಯರ್ ಟುಮಾರೋ. ನಿಂಗೆ ಗೊತ್ತಾ, ಅವನಿಗೆ ಮಗು ಆಗಿದೆ, ಬಾಯ್. ನಿಂಗೆ ಹೇಳ್ಬೇಡ ಅಂದಿದಾನೆ.”

ಫೋನಿನಲ್ಲಿ ಮಗುವಿನ ಚಿತ್ರ ತೋರಿಸಿದಳು. ರಾಜಲಕ್ಷ್ಮಿ ಕನ್ನಡಕ ಒರೆಸಿಕೊಂಡು ನೋಡಿದರು. ಹೇಳಿಬಿಡಲಿ, ನಾಳೆಯೇ ಬರಲಿ, ಈ ಮಗುವನ್ನು ಒಂದು ಸಲ ತೊಡೆಯ ಮೇಲೆ ಹಾಕಿಕೊಂಡರೆ ಸಾಕು ಎಂದು ಜೀವ ಹಾತೊರೆಯಿತು.

“ಮಾಡ್ಲಾ ಅಮ್ಮಾ?”

“ತಡಿ. ಮಗೂಗೆ ಏನು ಹೆಸರಿಟ್ಟಿದಾನೆ?”

“ಹ್ಯೂ ಅಂತ.”

ರಾಜಲಕ್ಷ್ಮಿ ಚಿತ್ರವನ್ನು ಮತ್ತೊಂದು ಸಲ ನೋಡಿ ಫೋನನ್ನು ಮಗಳ ಕೈಗೆ ಕೊಟ್ಟರು.

“ಹಾಗಾದ್ರೆ ಬೇಡ ಬಿಡಮ್ಮ. ಹೇಳ್ಬೇಡ.”