ಟೇಪಿನ ಇನ್ನೊಂದು ತುದಿ

ಹಳೆಯ ಮನೆಗಳನ್ನು ಅಳೆದು ನಕ್ಷೆ ಬರೆದಿಡುವುದು ಅವಳ ಕೆಲಸ. ಮಣ್ಣುಗೋಡೆಯ ದಪ್ಪ, ಕಂಬದ ಎತ್ತರ, ಹೊಸ್ತಿಲ ಅಗಲ, ಹೆಂಚಿನ ಇಳಿಜಾರು, ಯಾವುದನ್ನೂ ಬಿಡುತ್ತಿರಲಿಲ್ಲ. ಜನ ‘ಟೇಪಕ್ಕ’ ಎಂದೇ ಕರೆಯುತ್ತಿದ್ದರು.

ಇಪ್ಪತ್ತೆರಡು ವರ್ಷ ಟೇಪಿನ ಇನ್ನೊಂದು ತುದಿ ಹಿಡಿದವನು ಕಚೇರಿಯ ಜವಾನ. ಬಾಯಿ ಬಿಟ್ಟರೆ ತಮಾಷೆ. “ಮೇಡಂ, ಊರವರ ಮನೆಯೆಲ್ಲ ಅಳೆದಾಯ್ತು, ನಮಗೇ ಒಂದು ಗೂಡಿಲ್ಲ ನೋಡಿ,” ಎಂದು ನಗುತ್ತಿದ್ದ. ಹೋದ ವರ್ಷ ಅವನು ತೀರಿಕೊಂಡ. ಅವನ ಜಾಗಕ್ಕೆ ಯಾರೂ ಬರಲಿಲ್ಲ. ಅವಳು ಗೋಡೆಗೆ ಮೊಳೆ ಹೊಡೆದು, ಅದಕ್ಕೆ ಟೇಪು ಸಿಕ್ಕಿಸಿ, ಒಬ್ಬಳೇ ಅಳೆಯತೊಡಗಿದಳು. ಅಂಕಿಗಳನ್ನು ಗಟ್ಟಿಯಾಗಿ ಕೂಗಿ ಹೇಳುವ ಅಭ್ಯಾಸ ಮಾತ್ರ ಹೋಗಲಿಲ್ಲ. ಕೂಗುವವಳೂ ತಾನೇ, ಬರೆದುಕೊಳ್ಳುವವಳೂ ತಾನೇ.

ಹೀಗಿರುವಾಗ ಒಂದು ಉದ್ದನೆಯ ಮನೆ ಅಳೆಯುವ ಸರದಿ ಬಂತು. ಆ ಮನೆಯ ಅಣ್ಣತಮ್ಮಂದಿರು ಜಗಳವಾಡಿ ನಡುಮನೆಗೆ ಅಡ್ಡಗೋಡೆ ಎಬ್ಬಿಸಿ, ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಇಟ್ಟಿಗೆ ಉದುರಿತ್ತು. ಮನೆಯ ಪೂರ್ತಿ ಉದ್ದ ಅಳೆಯಲು ಅಲ್ಲಿ ಟೇಪು ತೂರಿಸಿದಳು. ಆದರೆ ಕೊನೆಯ ಗೋಡೆಯ ಮಣ್ಣಿನಲ್ಲಿ ಮೊಳೆ ನಿಲ್ಲಲಿಲ್ಲ. ಬೇರೆ ದಾರಿ ಕಾಣದೆ ಆಚೆ ತುದಿಯನ್ನು ಅಣ್ಣನ ಕೈಗೂ ಈಚೆ ತುದಿಯನ್ನು ತಮ್ಮನ ಕೈಗೂ ಕೊಟ್ಟು, ತಾನು ಕಿಂಡಿಯ ಬಳಿ ನಿಂತಳು.

“ಸಡಿಲ ಬಿಡೋಕೆ ಹೇಳಿ ಅವನಿಗೆ,” ಎಂದ ಅಣ್ಣ.

“ಸಡಿಲ ಬಿಟ್ರೆ ಅಳತೆ ತಪ್ಪುತ್ತೆ ಅಂತ ಹೇಳಿ,” ಎಂದ ತಮ್ಮ.

ಅವಳು ಎರಡನ್ನೂ ದಾಟಿಸಿದಳು. ಟೇಪು ಮತ್ತೆ ಜಗ್ಗಿತು.

“ಲೇ, ಕೈ ಕುಯ್ತಾ ಇದೆ, ಎಳೀಬೇಡ್ವೋ!” ಎಂದು ಅಣ್ಣ ಕೂಗಿದ.

ಟೇಪಿನ ಜಗ್ಗಾಟ ನಿಂತಿತು. ಆಮೇಲೆ ತಮ್ಮ ಮೆಲ್ಲಗೆ ಕೇಳಿದ: “ರಕ್ತ ಬಂತೇನಣ್ಣಾ?”

ಅವಳು ಅಂಕಿ ಬರೆದುಕೊಳ್ಳುವಷ್ಟರಲ್ಲಿ ತಮ್ಮ ಹೊರಗಿನಿಂದ ಸುತ್ತಿ ಅಣ್ಣನ ಬಾಗಿಲಿಗೆ ಓಡಿದ್ದ. ಅವಳು ಚೀಲ ಹೆಗಲಿಗೇರಿಸಿ ಹೊರಟಿದ್ದನ್ನು ಯಾರೂ ನೋಡಲಿಲ್ಲ. ಬಾಡಿಗೆ ಕೋಣೆಗೆ ಬಂದು ಒಂದು ಲೋಟ ಚಹಾ ಸೋಸಿಕೊಂಡಳು. ಇದನ್ನು ಕೇಳಿದ್ದರೆ ಜವಾನ ಎಷ್ಟು ನಗುತ್ತಿದ್ದನೋ ಅಂದುಕೊಂಡಳು.

ನಾಲ್ಕು ತಿಂಗಳ ಮೇಲೆ ಅಣ್ಣ ಕಚೇರಿಗೆ ಬಂದ. “ಗೋಡೆ ಒಡೆದುಬಿಟ್ವಮ್ಮ. ನಕ್ಷೆ ತಿದ್ದಬೇಕಲ್ಲ?”

“ಅಳೆದ ದಿನ ಇದ್ದದ್ದೇ ದಾಖಲೆ,” ಎಂದು ಸಾಹೇಬರು ತಳ್ಳಿಹಾಕಿಬಿಟ್ಟರು.

ಆದರೂ ಭಾನುವಾರ ಅವಳು ತಾನಾಗಿಯೇ ಹೋದಳು. ಅಳತೆ ಅರ್ಧ ಗಂಟೆಯಲ್ಲಿ ಮುಗಿಯಿತು. ಹೊರಡಲು ಎದ್ದಾಗ ತಮ್ಮನ ಹೆಂಡತಿ, “ಮನೇಲಿ ಯಾರ್ಯಾರಿದ್ದೀರಿ ಅಕ್ಕಾ?” ಎಂದಳು.

“ನಾನೊಬ್ಬಳೇ.”

“ಮತ್ಯಾಕೆ ಅವಸರ? ಕೂತ್ಕೊಳ್ಳಿ.”

ಅವಳು ಸಂಜೆಯ ಬಸ್ಸಿನವರೆಗೂ ಕೂತಿದ್ದಳು.